ಹಾಲ್ಡೇನ್ ಪಂಡಿತರ ಚರಿತ್ರೆ

ರಾಗಿಯ ಹಗೇವನ್ನು ತೆರೆದ ಕೂಡಲೇ ಒಳಗಿಳಿದವನು ಕೆಟ್ಟ ಗಾಳಿಯಿಂದ ಪ್ರಾಣವನ್ನು ಕಳೆದುಕೊಳ್ಳುವದುಂಟೆಂದು ನಂಜನಗೂಡು, ತಿರುಮಕೂಡಲು ನರಸೀಪುರ ಸೀಮೆಗಳ ವಾಚಕರು ಬಲ್ಲರು. ಇಂಥ ಗಾಳಿಯ ಗುಣಗಳನ್ನು ಶೋಧಿಸುವದರಲ್ಲಿಯೇ ಆಯುಷ್ಯವನ್ನು ಸವೆಸಿದವರು ಜಾನ್ ಸ್ಕಾಟ್ ಹಾಲ್ಡೇನ್ ಪಂಡಿತರು.

ಇವರು 1860ನೆಯ ಇಸವಿ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಪಟ್ಟಣದಲ್ಲಿ ಹುಟ್ಟಿ, 1884ರಲ್ಲಿ ವೈದ್ಯವಿದ್ಯೆಯನ್ನು ಮುಗಿಸಿ, ಬಳಿಕ ಆಕ್ಸ್‌ಫರ್ಡಿನಲ್ಲಿ ಬಹುಕಾಲ ಶರೀರಶಾಸ್ತ್ರವನ್ನು ಬೋಧಿಸಿದರು. ಆ ದಿನಗಳಲ್ಲಿ ಕಲ್ಲಿದ್ದಲ ಗಣಿಗಳು ಸಿಡಿದು ಅನೇಕ ಕೂಲಿಯಾಳುಗಳು ಸಾಯುತ್ತಿದ್ದರು. ಅವರಲ್ಲಿ ಹೆಚ್ಚು ಮಂದಿ ಸಿಡಿತದಿಂದಲ್ಲ, ಅನಂತರ ಹಬ್ಬುವ ಕಾರ್ಬನ್ ಮಾನಾಕ್ಸೈಡೆಂಬ ವಿಷವಾಯುವಿನಿಂದ ಸತ್ತರೆಂದು ಪಂಡಿತರು 1896ರಲ್ಲಿ ತೋರಿಸಿದರು. ಈ ವಾಯುವಿಗೆ ವಾಸನೆಯಿಲ್ಲ. ಮನುಷ್ಯನನ್ನು ಕೊಲ್ಲುವಷ್ಟಿದ್ದರೂ ದೀಪವು ನಂದದು. ಆದಕಾರಣ ಅವರು ತಾವೇ ಅದನ್ನು ಸೇದಿ, ತಮ್ಮ ರಕ್ತವನ್ನು ಪರೀಕ್ಷಿಸಿ, ಅದರ ಬಾಧೆಯನ್ನು ಅಳೆದರು. ಚಿಕ್ಕ ಪ್ರಾಣಿಗಳು ಬೇಗಬೇಗ ಉಸಿರಾಡುವದರಿಂದ ಮನುಷ್ಯನಿಗಿಂತ ಮುಂಚೆಯೇ ಸೋಲುವವೆಂದು ಕಂಡು, ಅವನ್ನು ಗಣಿಯೊಳಗೆ ಒಯ್ಯಬೇಕೆಂದು ಬೋಧಿಸಿದರು. ಪಂಜರದ ಹಕ್ಕಿಯು ಗಣಿಯಾಳಿನ ಕಾವಲಾಯಿತು.

ನೇಗಿಲು ಹೂಡುವವನು, ದಿಣ್ಣೆ ಹತ್ತುವವನು ಏದುವದೇಕೆ? ದುಡಿಯುವ ಮಾಂಸಖಂಡಗಳಲ್ಲಿ ಅಂಗಾರಾಮ್ಲವಾಯು ಹೆಚ್ಚುವದು; ಮಿದುಳು ಅದನ್ನರಿತು ಉಸಿರನ್ನು ಹೆಚ್ಚಿಸುವದು. ಉಸಿರಾಟವನ್ನು ಆಳುವದರಲ್ಲಿ ಈ ವಾಯುವೇ ಮುಖ್ಯವೆಂದು ಪ್ರೀಸ್ಟ್ಲಿಯವರೊಡನೆ 1905ರಲ್ಲಿ ಸಿದ್ಧಪಡಿಸಿದರು. ಆಳ ಸಮುದ್ರದಲ್ಲಿ ಮುಳುಗುವವರು ಹಂತಹಂತವಾಗಿ ಮೇಲೇರಬೇಕೆಂಬ ಕ್ರಮವನ್ನು 1908ರಲ್ಲಿ ಪ್ರಕಟಿಸಿದರು. 1911ರಲ್ಲಿ ಅಮೇರಿಕದ ಪೈಕ್ಸ್ ಶಿಖರದ ಮೇಲೆ ತೆಳುಗಾಳಿಯನ್ನು ಪರೀಕ್ಷಿಸಿದರು; 1915ರ ಯುದ್ಧದಲ್ಲಿ ವಿಷವಾಯುವಿನಿಂದ ಸಿಪಾಯಿಗಳನ್ನು ಕಾಯುವ ಉಪಾಯವನ್ನು ಹುಡುಕಿದರು. 1936ನೆಯ ಮಾರ್ಚಿಯಲ್ಲಿ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು.

ವಾಚಕರೇ, ಹಗೇವಿನಲ್ಲಿ ದೀಪವು ನಂದಿದರೆ ಯಾರೂ ಇಳಿಯಬಾರದು. ಉರಿದರೂ ಅದೊಂದನ್ನೇ ನಂಬಬಾರದು. ಪರರ ಉಸಿರು ಉಳಿಯಲೆಂದು ತನ್ನ ಉಸಿರನ್ನು ಒಡ್ಡಿದವನ ವಿದ್ಯೆಯು ಸಾರ್ಥಕವಾದದ್ದು.