ಕಿಡಿಯನ್ನು ಪಳಗಿಸಿದ ರಾಬರ್ಟ್ ಬಾಷ್

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಮೋಟಾರು ಸೈಕಲ್ಲುಗಳೂ ಕಬ್ಬು ಹೇರಿದ ಟ್ರ್ಯಾಕ್ಟರುಗಳೂ ಸಾಗುತ್ತವೆ. ಮೊದಲನೆಯದರ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಬೇಕು; ಎರಡನೆಯದಕ್ಕೆ ಕಿಡಿ ಬೇಡ, ಡೀಸೆಲನ್ನು ಒತ್ತಡದಿಂದ ಚಿಮ್ಮಿಸುವ ಪಂಪು ಬೇಕು. ಇವೆರಡನ್ನೂ ಲೋಕಕ್ಕೆ ಒದಗಿಸಿದವರಲ್ಲಿ ರಾಬರ್ಟ್ ಬಾಷ್ ಅಗ್ರಗಣ್ಯರು.

ಬಾಷ್ 1861ರ ಸೆಪ್ಟೆಂಬರ್ 23ರಂದು ಜರ್ಮನಿಯ ಉಲ್ಮ್ ನಗರದ ಸಮೀಪದ ಆಲ್ಬೆಕ್ ಗ್ರಾಮದಲ್ಲಿ ಜನಿಸಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ಸೂಕ್ಷ್ಮಯಂತ್ರಗಳ ಕಸುಬು ಕಲಿತು, ಅಮೆರಿಕದಲ್ಲಿ ಎಡಿಸನ್‌ರ ಕಾರ್ಖಾನೆಯಲ್ಲಿ ದುಡಿದು, 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಚಿಕ್ಕ ಕಾರ್ಯಾಗಾರವೊಂದನ್ನು ತೆರೆದರು. ಬಂದ ಕೆಲಸವನ್ನೆಲ್ಲ ಒಪ್ಪಿಕೊಂಡರೂ ಮೊದಲ ವರ್ಷಗಳು ಕಷ್ಟದಲ್ಲಿಯೇ ಕಳೆದವು.

1887ರಲ್ಲಿ ಗಿರಾಕಿಯೊಬ್ಬರ ಕೋರಿಕೆಯಂತೆ ಅವರು ಮ್ಯಾಗ್ನೆಟೋ ಎಂಬ ಕಿಡಿಯಂತ್ರವನ್ನು ಸುಧಾರಿಸಿ ಕಟ್ಟಿದರು. ಅದು ನಿಧಾನವಾಗಿ ತಿರುಗುವ ಎಂಜಿನ್ನಿಗೆ ಮಾತ್ರ ಹೊಂದುತ್ತಿತ್ತು. 1897ರಲ್ಲಿ ವೇಗದ ಮೂರುಗಾಲಿ ವಾಹನವೊಂದಕ್ಕೆ ಅದನ್ನು ಅಳವಡಿಸಬೇಕಾಯಿತು. ಭಾರವಾದ ಸುರುಳಿಯ ಬದಲು ಹಗುರವಾದ ಲೋಹದ ಕವಚ ಮಾತ್ರ ಚಲಿಸುವಂತೆ ಮಾಡಿ ಅವರ ಸಹೋದ್ಯೋಗಿ ತ್ಸೇರಿಂಗರ್ ತೊಡಕನ್ನು ಬಿಡಿಸಿದರು. 1902ರಲ್ಲಿ ಮತ್ತೊಬ್ಬ ಸಹೋದ್ಯೋಗಿ ಹೊನೋಲ್ಡ್ ಅಧಿಕ ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನೂ ಸಿದ್ಧಪಡಿಸಿದರು. ಬಾಷ್‌ರ ಹೆಸರಿನಲ್ಲಿ ಇತರರ ಬುದ್ಧಿಯೂ ಸೇರಿದೆ ಎಂಬುದನ್ನು ಮರೆಯಲಾಗದು.

1925ರಲ್ಲಿ ಸಂಸ್ಥೆಯು ಬ್ಯಾಟರಿಯಿಂದ ಕಿಡಿ ಹಾರಿಸುವ ವ್ಯವಸ್ಥೆಯನ್ನು ಮಾರಾಟಕ್ಕೆ ತಂದಿತು. ಅದರಲ್ಲಿ ಸರದಿಯಂತೆ ಒಂದೊಂದು ಸಿಲಿಂಡರಿಗೂ ವಿದ್ಯುತ್ತನ್ನು ಹಂಚುವ ಅಂಗವೇ ಡಿಸ್ಟ್ರಿಬ್ಯೂಟರ್. ದೊಡ್ಡ ಸಿಲಿಂಡರಿನ ಒಂದು ಬದಿಯಲ್ಲಿ ಹೊತ್ತಿದ ಜ್ವಾಲೆ ಇನ್ನೊಂದು ಬದಿಯನ್ನು ಮುಟ್ಟಲು ಕೊಂಚ ಕಾಲ ಹಿಡಿಯುತ್ತದೆ. ಆದ್ದರಿಂದ ಪಿಸ್ಟನ್ ಮೇಲುತುದಿಗೆ ಬರುವ ಮೊದಲೇ ಕಿಡಿ ಹಾರಬೇಕು. ಎರಡು ಪ್ಲಗ್ಗುಗಳಿದ್ದರೆ ಜ್ವಾಲೆಯ ದಾರಿ ತಗ್ಗುತ್ತದೆ, ಕಿಡಿಯನ್ನು ಅಷ್ಟು ಮುಂಚಿತವಾಗಿ ಹಾರಿಸಬೇಕಾಗಿಲ್ಲ. ವಿಮಾನದಲ್ಲಿ ಒಂದು ಕೆಟ್ಟರೂ ಇನ್ನೊಂದು ಪ್ರಾಣ ಕಾಯುತ್ತದೆ. ಹಳೆಯ ಕಾರಿನ ಡಿಸ್ಟ್ರಿಬ್ಯೂಟರನ್ನು ಹೀಗೆ ಮಾರ್ಪಡಿಸುವುದೆಂದರೆ ಒಂದೇ ಗಳಿಗೆಯಲ್ಲಿ ಎರಡು ದಾರಿಗಳಿಗೆ ವಿದ್ಯುತ್ತನ್ನು ಕಳುಹಿಸುವುದು. 1989ರ ಪೋರ್ಷೆ ಕಾರಿಗೆ ಬಾಷ್ ಸಂಸ್ಥೆ ಎರಡು ಡಿಸ್ಟ್ರಿಬ್ಯೂಟರುಗಳನ್ನು ಪುಟ್ಟ ಪಟ್ಟಿಯಿಂದ ಜೋಡಿಸಿಕೊಟ್ಟಿತು. ಆ ಪಟ್ಟಿ ತುಂಡಾದರೆ ಎರಡನೆಯ ಸಾಲಿನ ಕಿಡಿಗಳೆಲ್ಲ ಒಂದೇ ಸಿಲಿಂಡರಿಗೆ ಹೋಗಿ, ಹೊತ್ತಲ್ಲದ ಹೊತ್ತಿನಲ್ಲಿ ಹಾರಿ, ಎಂಜಿನ್ನನ್ನೇ ಹಾಳುಮಾಡಬಲ್ಲವು.

1906ರಲ್ಲಿಯೇ ಬಾಷ್ ತಮ್ಮ ಕಾರ್ಮಿಕರಿಗೆ ಎಂಟು ಗಂಟೆಗಳ ದುಡಿಮೆಯನ್ನು ಗೊತ್ತುಪಡಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಬಂದ ಲಾಭ ಅವರಿಗೆ ರುಚಿಸಲಿಲ್ಲ. ಅದನ್ನು ಸಾರ್ವಜನಿಕ ಕಾರ್ಯಗಳಿಗೆ ದಾನವಿತ್ತರು. ಹಿಟ್ಲರನ ಆಳ್ವಿಕೆಯಲ್ಲಿ ಅವರ ಬಾಳು ಇಕ್ಕಟ್ಟಿಗೆ ಸಿಲುಕಿತು. ಕಿರುಕುಳಕ್ಕೊಳಗಾದ ಯಹೂದಿಗಳಿಗೆ ಅವರೂ ಅವರ ಆಪ್ತರೂ ನೆರವಾದರು. ಅದೇ ಕಾರ್ಖಾನೆಗಳು ಯುದ್ಧಸಾಮಗ್ರಿಯನ್ನು ತಯಾರಿಸಿದವು, ಬಲವಂತದಿಂದ ಕರೆತಂದವರನ್ನು ದುಡಿಸಿಕೊಂಡವು. ಅವರ ಬಾಳಿನ ಈ ಎರಡು ಮುಖಗಳಲ್ಲಿ ಯಾವುದನ್ನೂ ಅಳಿಸಲಾಗದು.

1942ರ ಮಾರ್ಚ್ 12ರಂದು ಬಾಷ್ ಸ್ಟುಟ್‌ಗಾರ್ಟ್‌ನಲ್ಲಿ ನಿಧನರಾದರು. 1951ರಲ್ಲಿ ಸ್ಥಾಪನೆಯಾದ ಮೈಕೋ ಕಂಪನಿಯು ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ತಯಾರಿಸತೊಡಗಿತು. 2008ರಲ್ಲಿ ಅದು ಬಾಷ್‌ರ ಹೆಸರನ್ನೇ ತಳೆಯಿತು.