ಮೂರು ಮತಗಳ ಗೆಲುವು

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ಹಳ್ಳ ತುಂಬಿ ಹರಿಯುವಾಗ ಒಂದು ಹನಿಯ ಬೆಲೆ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಬಳ್ಳ ತುಂಬಲು ಇನ್ನೊಂದೇ ತೆನೆ ಸಾಕೆನ್ನುವ ಗಳಿಗೆಯೂ ಒಮ್ಮೊಮ್ಮೆ ಒದಗುತ್ತದೆ. ಆಗ ಆ ಒಂದು ತೆನೆಯ ಮಹತ್ವ ಕಣ್ಣಿಗೆ ಕಾಣುತ್ತದೆ. ಲಂಡನ್ ನಗರದ ಒಂದು ಮತಕ್ಷೇತ್ರದ ಚರಿತ್ರೆಯಲ್ಲಿ ಅಂತಹ ಗಳಿಗೆಯೊಂದು 1892ರ ಜುಲೈ ತಿಂಗಳಿನಲ್ಲಿ ಬಂದಿತು. ಆ ಕ್ಷೇತ್ರದ ಹೆಸರು ಸೆಂಟ್ರಲ್ ಫಿನ್ಸ್‌ಬರಿ. ಅಲ್ಲಿ ಗೆದ್ದವರು ಭಾರತದ ಪಿತಾಮಹರೆಂದು ಖ್ಯಾತರಾದ ದಾದಾಭಾಯಿ ನವರೋಜಿಯವರು.

ದಾದಾಭಾಯಿಯವರು 1825ರ ಸೆಪ್ಟೆಂಬರ್ 4ರಂದು ಬಡ ಪಾರ್ಸಿ ಪುರೋಹಿತರ ಮನೆತನದಲ್ಲಿ ಜನಿಸಿದರು. ನಾಲ್ಕನೆಯ ವಯಸ್ಸಿನಲ್ಲಿಯೇ ಅವರು ತಂದೆಯನ್ನು ಕಳೆದುಕೊಂಡರು. ತಾಯಿ ಮಾಣಿಕ್‌ಬಾಯಿ ಅಕ್ಷರ ಕಲಿತವರಲ್ಲ. ಆದರೂ ಮಗನ ವಿದ್ಯೆಗಾಗಿ ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಮುಂಬಯಿಯಲ್ಲಿ ಅಂದು ಬಡವರ ಮಕ್ಕಳಿಗೂ ಉಚಿತವಾಗಿ ಪಾಠ ಹೇಳುವ ಶಾಲೆಯಿದ್ದುದರಿಂದ ಬಾಲಕನ ಓದು ನಿಲ್ಲಲಿಲ್ಲ. ಸಮಾಜದ ಹಣದಿಂದ ತಾನು ವಿದ್ಯೆ ಪಡೆದೆನಾದುದರಿಂದ ಸಮಾಜಕ್ಕೆ ಅದನ್ನು ಹಿಂದಿರುಗಿಸಬೇಕೆಂಬ ಭಾವನೆ ಅವರಲ್ಲಿ ಆಗಲೇ ಬೇರೂರಿತು. ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಓದಿದ ಅವರು, ಮೂವತ್ತು ವರ್ಷ ತುಂಬುವ ಮೊದಲೇ ಅಲ್ಲಿಯೇ ಗಣಿತ ಮತ್ತು ಭೌತವಿಜ್ಞಾನಗಳ ಪ್ರಾಧ್ಯಾಪಕರಾದರು. ಆ ಪದವಿಗೇರಿದ ಭಾರತೀಯರಲ್ಲಿ ಅವರೇ ಮೊದಲಿಗರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಜನ ಅಂಜುತ್ತಿದ್ದ ಆ ಕಾಲದಲ್ಲಿ, ಗೆಳೆಯರೊಡಗೂಡಿ ಬಾಲಿಕೆಯರಿಗಾಗಿ ಶಾಲೆಗಳನ್ನು ತೆರೆದರು. 1851ರಲ್ಲಿ ರಾಸ್ತ್ ಗೊಫ್ತಾರ್ ಎಂಬ ಗುಜರಾತಿ ಪತ್ರಿಕೆಯನ್ನು ಆರಂಭಿಸಿದರು.

1855ರಲ್ಲಿ ಅವರು ಕಾಮಾ ಸಂಸ್ಥೆಯ ವ್ಯಾಪಾರದ ನಿಮಿತ್ತ ಇಂಗ್ಲೆಂಡಿಗೆ ತೆರಳಿದರು. ಕೈಯಲ್ಲಿ ವ್ಯಾಪಾರವಿದ್ದರೂ ಅವರ ಮನಸ್ಸು ತಾಯ್ನಾಡಿನ ಬಡತನದ ಕಾರಣವನ್ನು ಹುಡುಕುತ್ತಿತ್ತು. ಗಣಿತದ ಪ್ರಾಧ್ಯಾಪಕರಾಗಿದ್ದ ಅವರಿಗೆ ಬರಿಯ ಗೋಳಾಟದಲ್ಲಿ ನಂಬಿಕೆಯಿರಲಿಲ್ಲ. ಸರ್ಕಾರವೇ ಪ್ರಕಟಿಸಿದ ಅಂಕಿಅಂಶಗಳನ್ನು ಕಲೆಹಾಕಿ ಲೆಕ್ಕವಿಟ್ಟರು. ಬ್ರಿಟಿಷ್ ಭಾರತದ ಒಬ್ಬ ಮನುಷ್ಯನ ಸರಾಸರಿ ವಾರ್ಷಿಕ ವರಮಾನ ಕೇವಲ 20 ರೂಪಾಯಿ ಎಂಬುದು ಆ ಲೆಕ್ಕದಿಂದ ಹೊರಬಿದ್ದ ಕಹಿಸತ್ಯ. ಆಂಗ್ಲ ಅಧಿಕಾರಿಗಳ ಸಂಬಳ, ನಿವೃತ್ತಿ ವೇತನ, ಸೈನ್ಯದ ಖರ್ಚು ಮುಂತಾದ ರೂಪಗಳಲ್ಲಿ ಭಾರತದ ಸಂಪತ್ತು ವರ್ಷವರ್ಷವೂ ಇಂಗ್ಲೆಂಡಿಗೆ ಸೋರಿಹೋಗುತ್ತಿದೆಯೆಂದು ಅವರು ತೋರಿಸಿಕೊಟ್ಟರು. ಸಂಪತ್ತಿನ ಸೋರಿಕೆಯ ಸಿದ್ಧಾಂತವೆಂದು ಇತಿಹಾಸದಲ್ಲಿ ಪ್ರಸಿದ್ಧವಾಗಿರುವುದು ಇದೇ.

ರೋಗದ ಮೂಲವನ್ನೇನೋ ಅವರು ಕಂಡುಹಿಡಿದರು. ಆದರೆ ಮದ್ದು ಎಲ್ಲಿತ್ತು? ಭಾರತದ ಆಡಳಿತದ ಕೊನೆಯ ಮಾತು ಲಂಡನ್ನಿನ ಪಾರ್ಲಿಮೆಂಟಿನದಾಗಿತ್ತು. 1891ರ ಜನಗಣತಿಯಂತೆ ಭಾರತದ ಜನಸಂಖ್ಯೆ 28 ಕೋಟಿಯನ್ನು ಮೀರಿತ್ತು. ಅಷ್ಟು ಕೋಟಿ ಜನರ ಹಣೆಬರಹವನ್ನು ಬರೆಯುತ್ತಿದ್ದ ಆ ಸಭೆಗೆ ಒಬ್ಬನೇ ಒಬ್ಬ ಪ್ರತಿನಿಧಿಯನ್ನು ಆರಿಸಿ ಕಳುಹಿಸುವ ಹಕ್ಕು ಭಾರತಕ್ಕೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದ ಭಾರತೀಯನು ಮಾತ್ರ, ಸಾಮ್ರಾಜ್ಯದ ಪ್ರಜೆಯೆಂಬ ಕಾರಣದಿಂದ, ಅಲ್ಲಿಯ ಯಾವುದಾದರೊಂದು ಕ್ಷೇತ್ರದಲ್ಲಿ ಚುನಾವಣೆಗೆ ನಿಲ್ಲಬಹುದಾಗಿತ್ತು. ಆ ಕಿರುಬಾಗಿಲಿನಿಂದಲೇ ಒಳಹೊಕ್ಕು ದೇಶದ ದುಃಖವನ್ನು ನಿವೇದಿಸಬೇಕೆಂದು ದಾದಾಭಾಯಿಯವರು ಸಂಕಲ್ಪಿಸಿದರು.

ಬಾಗಿಲು ಸುಲಭವಾಗಿ ತೆರೆಯುವಂತಹುದಾಗಿರಲಿಲ್ಲ. ಭಾರತೀಯ ಮತ್ತು ಯೂರೋಪಿಯನ್ ರಕ್ತಸಂಬಂಧವುಳ್ಳ ಡೈಸ್ ಸೋಂಬರ್ ಎಂಬುವರು 1841ರಲ್ಲಿ ಸಡ್‌ಬರಿಯಿಂದ ಆಯ್ಕೆಯಾಗಿದ್ದರೂ, ಲಂಚದ ಆರೋಪದಿಂದ ಆ ಚುನಾವಣೆಯೇ ರದ್ದಾಗಿತ್ತು. ಬಂಗಾಳದ ಲಾಲ್‌ಮೋಹನ ಘೋಷರು 1885ರಲ್ಲಿ ಡೆಟ್‌ಫರ್ಡ್ ಕ್ಷೇತ್ರದಲ್ಲಿ ಸ್ಪರ್ಧಿಸಿ ಸೋತಿದ್ದರು. ದಾದಾಭಾಯಿಯವರು 1886ರಲ್ಲಿ ಲಿಬರಲ್ ಪಕ್ಷದ ಅಭ್ಯರ್ಥಿಯಾಗಿ ಲಂಡನ್ನಿನ ಹೋಬರ್ನ್ ಕ್ಷೇತ್ರದಲ್ಲಿ ನಿಂತರು. ಪ್ರಚಾರಕ್ಕೆ ದೊರೆತ ಕಾಲ ಅತ್ಯಲ್ಪ. ಕ್ಷೇತ್ರವೋ ಎದುರಾಳಿಗಳ ಭದ್ರವಾದ ಕೋಟೆ. ಅವರಿಗೆ 1,950 ಮತಗಳೂ ಕನ್ಸರ್ವೇಟಿವ್ ಪಕ್ಷದ ಡಂಕನ್ನರಿಗೆ 3,651 ಮತಗಳೂ ಬಂದವು.

ಎರಡು ವರ್ಷಗಳ ಅನಂತರ, 1888ರ ನವೆಂಬರ್ ತಿಂಗಳಿನಲ್ಲಿ, ಪ್ರಧಾನಿ ಲಾರ್ಡ್ ಸಾಲ್ಸ್‌ಬರಿಯವರು ಎಡಿನ್‌ಬರೋ ನಗರದ ಸಭೆಯೊಂದರಲ್ಲಿ ಈ ಸೋಲನ್ನು ಪ್ರಸ್ತಾಪಿಸಿದರು. ಕರಿಯನೊಬ್ಬನನ್ನು ಆರಿಸುವಷ್ಟು ಮುಂದಕ್ಕೆ ಇಂಗ್ಲೆಂಡಿನ ಮತದಾರರು ಇನ್ನೂ ಬಂದಿಲ್ಲವೆಂಬ ಅರ್ಥದ ಮಾತನ್ನಾಡಿದರು. ಮನುಷ್ಯನ ಯೋಗ್ಯತೆಯನ್ನು ಮೈಬಣ್ಣದಿಂದ ಅಳೆದ ಈ ಮಾತು ಭಾರತೀಯರೆಲ್ಲರ ಮನಸ್ಸನ್ನು ನೋಯಿಸಿತು. ಆದರೆ ಅದರ ಪರಿಣಾಮ ಆಡಿದವರು ಎಣಿಸಿದಂತೆ ಆಗಲಿಲ್ಲ. ಇಂಗ್ಲೆಂಡಿನ ನ್ಯಾಯಪ್ರಿಯರೇ ಪ್ರಧಾನಿಯ ಮಾತನ್ನು ಖಂಡಿಸಿದರು. ಅದುವರೆಗೆ ಕೆಲವರಿಗಷ್ಟೇ ಪರಿಚಿತವಾಗಿದ್ದ ದಾದಾಭಾಯಿಯವರ ಹೆಸರು ಆ ನಾಡಿನ ಮನೆಮನೆಯನ್ನೂ ಮುಟ್ಟಿತು. ಲಂಡನ್ನಿನ ನ್ಯಾಷನಲ್ ಲಿಬರಲ್ ಕ್ಲಬ್ಬು 1889ರಲ್ಲಿ ಅವರ ಗೌರವಾರ್ಥ ಔತಣಕೂಟವನ್ನು ಏರ್ಪಡಿಸಿತು. ಅವಮಾನಕ್ಕೆ ಅವಮಾನದಿಂದ ಉತ್ತರ ಕೊಡುವುದು ದಾದಾಭಾಯಿಯವರ ಸ್ವಭಾವವಾಗಿರಲಿಲ್ಲ. ಅವರು ಮತ್ತೊಂದು ಚುನಾವಣೆಗೆ ಮೌನವಾಗಿ ಸಿದ್ಧರಾದರು.

ಆ ಹೊತ್ತಿಗೆ ಅವರು ಸೆಂಟ್ರಲ್ ಫಿನ್ಸ್‌ಬರಿಯನ್ನು ತಮ್ಮ ಕಾರ್ಯಕ್ಷೇತ್ರವನ್ನಾಗಿ ಆರಿಸಿಕೊಂಡಿದ್ದರು. ಕ್ಲರ್ಕನ್‌ವೆಲ್ ಪ್ರದೇಶವನ್ನು ಒಳಗೊಂಡಿದ್ದ ಈ ಕ್ಷೇತ್ರ, ಮತಕ್ಷೇತ್ರಗಳ ಮರುವಿಂಗಡಣೆಯ ಫಲವಾಗಿ 1885ರಲ್ಲಿ ರೂಪುಗೊಂಡಿತ್ತು. ಗಡಿಯಾರ ಮಾಡುವವರು, ಅಕ್ಕಸಾಲಿಗರು, ಸಣ್ಣ ಅಂಗಡಿಕಾರರು ಮತ್ತು ಕೂಲಿಕಾರರು ಅಲ್ಲಿ ಕಿಕ್ಕಿರಿದು ವಾಸಿಸುತ್ತಿದ್ದರು. 1885ರಲ್ಲಿ ಲಿಬರಲ್ ಪಕ್ಷದ ಸ್ಪೆನ್ಸ್‌ಲಿಯವರನ್ನು ಆರಿಸಿದ್ದ ಆ ಕ್ಷೇತ್ರ, ಮರುವರ್ಷವೇ ಕನ್ಸರ್ವೇಟಿವ್ ಪಕ್ಷದ ಪೆಂಟನ್ನರತ್ತ ಒಲಿದಿತ್ತು. ತಕ್ಕಡಿ ಯಾವ ಕಡೆಗಾದರೂ ವಾಲಬಹುದಾದಂತಹ ಸ್ಥಳವದು.

ಅಲ್ಲಿ ದಾದಾಭಾಯಿಯವರು ಮೊದಲು ಎದುರಿಸಬೇಕಾಗಿ ಬಂದುದು ಹೊರಗಿನ ಹಗೆಯನ್ನಲ್ಲ, ಒಳಗಿನ ಜಗಳವನ್ನು. ಸ್ಥಳೀಯ ಲಿಬರಲ್ಲರಲ್ಲಿ ಒಂದು ಗುಂಪು ಅವರನ್ನು ಅಭ್ಯರ್ಥಿಯಾಗಿ ಒಪ್ಪಿದರೆ, ಇನ್ನೊಂದು ಗುಂಪು ರಿಚರ್ಡ್ ಈವ್ ಎಂಬುವರನ್ನು ಮುಂದೆ ಮಾಡಿತು. ಹಿಂದೆ ಸರಿಯುವಂತೆ ಬಂದ ಸಲಹೆಗಳಿಗೆ ದಾದಾಭಾಯಿಯವರು ಮಣಿಯಲಿಲ್ಲ. ಪಾರ್ಲಿಮೆಂಟಿನ ಸದಸ್ಯರಿಗೆ ವೇತನವಿಲ್ಲದ ಕಾಲ ಅದು. ಆ ಪದ್ಧತಿ ಬಂದುದು 1911ರಲ್ಲಿ. ಭಾರತದ ಮಿತ್ರರ ನೆರವಿನೊಂದಿಗೆ ಸ್ವಂತ ಹಣವನ್ನೂ ವೆಚ್ಚ ಮಾಡುತ್ತ ಅವರು ವರ್ಷಗಟ್ಟಲೆ ಆ ಬೀದಿಗಳಲ್ಲಿ ಓಡಾಡಿದರು, ಸಭೆಗಳಲ್ಲಿ ಮಾತನಾಡಿದರು. ಭಾರತದ ವಿಷಯವೊಂದನ್ನೇ ಹಿಡಿದು ಕೂರದೆ, ಕಾರ್ಮಿಕರ ಕಷ್ಟ, ಐರ್ಲೆಂಡಿನ ಸ್ವಯಮಾಡಳಿತ, ಸ್ತ್ರೀಯರ ಮತದಾನದ ಹಕ್ಕು ಮೊದಲಾದ ವಿಷಯಗಳಲ್ಲಿಯೂ ನ್ಯಾಯದ ಪಕ್ಷವನ್ನು ವಹಿಸಿದರು. ದಾದಿಯರ ಸೇವೆಗೆ ಗೌರವ ತಂದುಕೊಟ್ಟ ಫ್ಲಾರೆನ್ಸ್ ನೈಟಿಂಗೇಲ್‌ರು ಅವರಿಗೆ ಬೆಂಬಲವಿತ್ತರು. ಆ ಮಹಾಮಹಿಳೆಗೆ ಸ್ವತಃ ಮತ ಹಾಕುವ ಹಕ್ಕು ಇರಲಿಲ್ಲ ಎಂಬುದನ್ನು ನಾವಿಲ್ಲಿ ಮರೆಯಬಾರದು. ಅಲ್ಲಿಯ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಸ್ತ್ರೀಯರಿಗೆ, ಅದೂ ಮೂವತ್ತು ವರ್ಷ ಮೀರಿದ ಕೆಲವರಿಗೆ, ಆ ಹಕ್ಕು ದೊರೆತುದು 1918ರಲ್ಲಿ.

1892ರ ಜುಲೈ ತಿಂಗಳಿನಲ್ಲಿ ಮತದಾನ ನಡೆಯಿತು. ಅಷ್ಟರಲ್ಲಿ ಪಕ್ಷದೊಳಗಿನ ಪ್ರತಿಸ್ಪರ್ಧೆ ಇಲ್ಲವಾಗಿ, ಕಣದಲ್ಲಿ ಉಳಿದವರು ದಾದಾಭಾಯಿಯವರು ಮತ್ತು ಪೆಂಟನ್ನರು ಇಬ್ಬರೇ. ಎಣಿಕೆ ಮುಗಿದಾಗ ದಾದಾಭಾಯಿಯವರು ಐದು ಮತಗಳಿಂದ ಮುಂದಿದ್ದರು. ಅನಂತರದ ಪರಿಶೀಲನೆಯಲ್ಲಿ ಈ ಅಂತರ ಮೂರಕ್ಕೆ ಇಳಿಯಿತು: ದಾದಾಭಾಯಿಯವರಿಗೆ 2,959, ಪೆಂಟನ್ನರಿಗೆ 2,956. ಸುಮಾರು ಆರು ಸಾವಿರ ಮತದಾರರಲ್ಲಿ ಇಬ್ಬರೇ ಇಬ್ಬರು ಮನಸ್ಸು ಬದಲಿಸಿ ಎದುರು ಪಕ್ಷಕ್ಕೆ ಮತವಿತ್ತಿದ್ದರೆ ಗೆಲುವು ಸೋಲಾಗುತ್ತಿತ್ತು. ಅವರು ಕ್ಲರ್ಕನ್‌ವೆಲ್ಲಿನ ಗಡಿಯಾರದ ಕೆಲಸಗಾರರೇ ಆಗಿರಬಹುದು, ಅಂಗಡಿಕಾರರೇ ಆಗಿರಬಹುದು. ಗುಪ್ತ ಮತದಾನವಾದುದರಿಂದ ಅದನ್ನು ತಿಳಿಯುವ ಬಗೆಯಿಲ್ಲ. ನವರೋಜಿ ಎಂಬ ಹೆಸರನ್ನು ಉಚ್ಚರಿಸಲು ತಡವರಿಸುತ್ತಿದ್ದ ಆಂಗ್ಲರು, ಅತ್ಯಲ್ಪ ಬಹುಮತವೆಂಬ ಅರ್ಥ ಬರುವಂತೆ ಅದನ್ನು ತಿರುಚಿ, ಅವರನ್ನು ನ್ಯಾರೋ ಮೆಜಾರಿಟಿ ಎಂದು ಹಾಸ್ಯವಾಗಿ ಕರೆದರು.

ಅರವತ್ತಾರು ವರ್ಷ ತುಂಬಿದ್ದ ದಾದಾಭಾಯಿಯವರು ಬೈಬಲ್ಲಿನ ಬದಲು ತಮ್ಮ ಧರ್ಮಗ್ರಂಥವಾದ ಅವೆಸ್ತಾದ ಮೇಲೆ ಪ್ರಮಾಣವಚನ ಸ್ವೀಕರಿಸಿ ಕಾಮನ್ಸ್ ಸಭೆಯನ್ನು ಪ್ರವೇಶಿಸಿದರು. ಆಗಸ್ಟ್ 9ರಂದು ಮಾಡಿದ ಮೊದಲ ಭಾಷಣದಲ್ಲಿ, ಭಾರತೀಯನೊಬ್ಬನನ್ನು ಆರಿಸಿದ ಫಿನ್ಸ್‌ಬರಿಯ ಜನತೆಗೆ ಕೃತಜ್ಞತೆ ಅರ್ಪಿಸಿದರು. ಅಂದಿನಿಂದ ಅವರ ಹೆಗಲ ಮೇಲೆ ಎರಡು ಹೊರೆಗಳು ಬಿದ್ದವು. ಒಂದು, ಮತ ಕೊಟ್ಟ ಫಿನ್ಸ್‌ಬರಿಯದು. ಇನ್ನೊಂದು, ಮತ ಕೊಡುವ ಹಕ್ಕೇ ಇಲ್ಲದ ಭಾರತದ್ದು.

ಭಾರತದ ಉನ್ನತಾಧಿಕಾರಿಗಳನ್ನು ಆರಿಸುವ ಸಿವಿಲ್ ಸರ್ವೀಸ್ ಪರೀಕ್ಷೆ ಆಗ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಸಮುದ್ರ ದಾಟಿ ಬರುವ ಶಕ್ತಿಯಿಲ್ಲದ ಬುದ್ಧಿವಂತ ತರುಣರಿಗೆ ಅದು ಗಗನಕುಸುಮವಾಗಿತ್ತು. ಭಾರತದಲ್ಲಿಯೂ ಅದೇ ಕಾಲಕ್ಕೆ ಪರೀಕ್ಷೆ ನಡೆಯಬೇಕೆಂಬ ನಿರ್ಣಯ 1893ರ ಜೂನ್ 2ರಂದು ಕಾಮನ್ಸ್ ಸಭೆಯ ಮುಂದೆ ಬಂದಿತು. ದಾದಾಭಾಯಿಯವರು ಅದನ್ನು ಅನುಮೋದಿಸಿ ಮಾತನಾಡಿದರು. ನಿರ್ಣಯ 76ರ ವಿರುದ್ಧ 84 ಮತಗಳಿಂದ ಅಂಗೀಕೃತವಾಯಿತು. ಆದರೆ ಸರ್ಕಾರ ಅದನ್ನು ಕಾರ್ಯರೂಪಕ್ಕೆ ತರಲಿಲ್ಲ. ಭಾರತದ ನೆಲದಲ್ಲಿ ಆ ಪರೀಕ್ಷೆ ಆರಂಭವಾಗಲು 1922ರವರೆಗೆ ಕಾಯಬೇಕಾಯಿತು. ಸಭೆಯಲ್ಲಿ ಗೆದ್ದ ನ್ಯಾಯವೂ ಬಾಳಿನಲ್ಲಿ ಗೆಲ್ಲಲು ಎಷ್ಟು ಕಾಲ ಹಿಡಿಯುತ್ತದೆಂಬುದಕ್ಕೆ ಇದೊಂದು ನಿದರ್ಶನ.

1895ರ ಚುನಾವಣೆಯಲ್ಲಿ ಲಿಬರಲ್ ಪಕ್ಷ ದೇಶದಾದ್ಯಂತ ನೆಲಕಚ್ಚಿತು. ಫಿನ್ಸ್‌ಬರಿಯೂ ಕೈಬಿಟ್ಟಿತು, ಕನ್ಸರ್ವೇಟಿವ್ ಪಕ್ಷದ ಮ್ಯಾಸಿ ಮೇನ್‌ವೇರಿಂಗ್‌ರು ಗೆದ್ದರು. ಅದೇ ವರ್ಷ ಲಂಡನ್ನಿನ ಇನ್ನೊಂದು ಕ್ಷೇತ್ರವಾದ ಬೆತ್ನಲ್ ಗ್ರೀನ್ ಈಶಾನ್ಯದಿಂದ ಮತ್ತೊಬ್ಬ ಪಾರ್ಸಿ, ಮಂಚೇರ್‌ಜಿ ಭಾವನಗರಿಯವರು, ಕನ್ಸರ್ವೇಟಿವ್ ಪಕ್ಷದಿಂದ ಆಯ್ಕೆಯಾದರು. ಕಾಂಗ್ರೆಸ್ಸಿನ ನಿಲುವನ್ನು ಅವರು ಒಪ್ಪಿದವರಲ್ಲ. ಒಂದೇ ನಾಡಿನವರೆಂದ ಮಾತ್ರಕ್ಕೆ ಪ್ರತಿನಿಧಿಗಳ ದಾರಿ ಒಂದೇ ಆಗಿರಬೇಕಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಸೋಲು ದಾದಾಭಾಯಿಯವರನ್ನು ಸುಮ್ಮನಾಗಿಸಲಿಲ್ಲ. ಭಾರತದ ಆಯವ್ಯಯಗಳನ್ನು ಪರಿಶೀಲಿಸಲು 1895ರಲ್ಲಿ ನೇಮಕಗೊಂಡ ವೆಲ್ಬಿ ಆಯೋಗದ ಸದಸ್ಯರಾಗಿ ಅವರು ಮತ್ತೆ ತಮ್ಮ ಅಂಕಿಅಂಶಗಳನ್ನು ಮುಂದಿಟ್ಟರು. ಭಾರತದ ಬಡತನವನ್ನು ಕುರಿತ ಅವರ ಮಹಾಗ್ರಂಥ 1901ರಲ್ಲಿ ಪ್ರಕಟವಾಯಿತು. 1906ರ ಆರಂಭದಲ್ಲಿ ನಾರ್ತ್ ಲ್ಯಾಂಬೆತ್ ಕ್ಷೇತ್ರದಲ್ಲಿ ಕೊನೆಯ ಬಾರಿ ಸ್ಪರ್ಧಿಸಿ ಸೋತರು. ಅದೇ ವರ್ಷದ ಡಿಸೆಂಬರಿನಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ ಸ್ವರಾಜ್ಯವೇ ಭಾರತದ ಗುರಿಯೆಂದು ಸಾರಿದರು. ಪರರ ಸಭೆಯಲ್ಲಿ ಒಂದು ಸ್ಥಾನಕ್ಕಾಗಿ ಇಪ್ಪತ್ತು ವರ್ಷ ಹೋರಾಡಿದ ಹಿರಿಯರು, ನಮ್ಮ ಸಭೆಯನ್ನು ನಾವೇ ಕಟ್ಟಿಕೊಳ್ಳಬೇಕೆಂಬ ತೀರ್ಮಾನಕ್ಕೆ ಬಂದುದು ಅವರ ಜೀವನದ ಪರಿಪಕ್ವ ಫಲ. 1917ರ ಜೂನ್ 30ರಂದು ಮುಂಬಯಿಯಲ್ಲಿ ಅವರು ಕೊನೆಯುಸಿರೆಳೆದರು.

ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರವೂ ಅನಂತರ ಬಹುಕಾಲ ಬಾಳಲಿಲ್ಲ. 1906ರಲ್ಲಿ ಕಾರ್ಮಿಕ ನಾಯಕ ಸ್ಟೆಡ್‌ಮನ್ನರನ್ನೂ 1910ರಲ್ಲಿ ಕನ್ಸರ್ವೇಟಿವ್ ಪಕ್ಷದ ಆರ್ಚರ್ ಷೀಯವರನ್ನೂ ಆರಿಸಿದ ಅದು 1918ರಲ್ಲಿ ರದ್ದಾಯಿತು. ಆದರೆ ಅದರ ಮತದಾರರು ಮಾಡಿದ ಕಾರ್ಯ ಅಳಿದಿಲ್ಲ. ಆ ಪ್ರದೇಶದ ಬೀದಿಯೊಂದು ನವರೋಜಿಯವರ ಹೆಸರನ್ನು ಹೊತ್ತಿದೆ.

ಗೆದ್ದ ಮತಗಳ ಅಂತರ ಮೂರೇ ಆದರೂ ಅವುಗಳ ಹಿಂದೆ ಹೋಬರ್ನ್‌ನ ಸೋಲು, ಪ್ರಧಾನಿಯ ತಿರಸ್ಕಾರ, ಸ್ವಪಕ್ಷದ ವಿರೋಧ, ಆರು ವರ್ಷಗಳ ದುಡಿಮೆ ಇವೆಲ್ಲ ಇದ್ದವು. ಇಂದು ನಮ್ಮ ದೇಶದಲ್ಲಿ ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ, ಸ್ತ್ರೀಪುರುಷ ಭೇದವಿಲ್ಲದೆ, ಮತದಾನದ ಹಕ್ಕಿದೆ. ಕೆಲವೇ ವರ್ಷಗಳಲ್ಲಿ ನೀವೂ ಆ ಸಾಲಿನಲ್ಲಿ ನಿಲ್ಲುವಿರಿ. ನನ್ನ ಒಂದು ಮತದಿಂದ ಏನಾದೀತು ಎಂಬ ಉದಾಸೀನತೆ ಅಂದು ಮನಸ್ಸಿನಲ್ಲಿ ಸುಳಿದರೆ, ಫಿನ್ಸ್‌ಬರಿಯ ಆ ಮೂರು ಮತಗಳನ್ನು ನೆನೆದುಕೊಳ್ಳಿರಿ.