ಜಿಮ್ ಕಾರ್ಬೆಟ್ ಕೈಯ ಪುಟ್ಟ ರೈಫಲ್: ನೈನಿತಾಲ್‌ನಲ್ಲಿ ಸಿಕ್ಕ ಬಹುಮಾನ ಲಂಡನ್ ಸೇರಿದ ಕಥೆ

1926ರ ಮೇ 2ರ ರಾತ್ರಿ. ಗಢವಾಲದ ರುದ್ರಪ್ರಯಾಗದ ಹತ್ತಿರ, ಗುಲಾಬ್‌ರಾಯ್ ಎಂಬಲ್ಲಿ ಐವತ್ತು ವರ್ಷದ ವ್ಯಕ್ತಿಯೊಬ್ಬರು ಮಾವಿನ ಮರ ಏರಿ ಕುಳಿತಿದ್ದರು. ಕೆಳಗೆ ಕೇದಾರ, ಬದರಿಗೆ ಹೋಗುವ ಯಾತ್ರಿಕರ ಕಾಲುದಾರಿ. ಅಲ್ಲಿ ಕೊರಳಿಗೆ ಗಂಟೆ ಕಟ್ಟಿದ ಒಂದು ಮೇಕೆ. ಹತ್ತು ರಾತ್ರಿ ಹೀಗೇ ಕಳೆದಿದ್ದವು. ಹನ್ನೊಂದನೆಯ ರಾತ್ರಿ ಗಂಟೆ ಜೋರಾಗಿ ಬಡಿದುಕೊಂಡಿತು.

ರೈಫಲ್‌ಗೆ ಜೋಡಿಸಿದ್ದ ಟಾರ್ಚ್ ಒತ್ತಿದಾಗ ಕಂಡದ್ದು ಚಿರತೆಯ ಭುಜ. ಒಂದೇ ಗುಂಡು ಹಾರಿತು. ಟಾರ್ಚ್ ಮಂಕಾಗಿ ಆರಿಹೋಯಿತು. ಗುಂಡು ತಾಗಿತೇ ಇಲ್ಲವೇ ಎಂಬುದು ಬೆಳಗಾಗುವವರೆಗೂ ಗೊತ್ತಾಗಲಿಲ್ಲ. ಎಂಟು ವರ್ಷಗಳಲ್ಲಿ, ಸರ್ಕಾರಿ ಲೆಕ್ಕದಂತೆಯೇ 125 ಜನರನ್ನು ಕೊಂದಿದ್ದ ಚಿರತೆ ಸತ್ತು ಬಿದ್ದಿತ್ತು.

ಮರದ ಮೇಲಿದ್ದವರು ಜಿಮ್ ಕಾರ್ಬೆಟ್. ಕೈಯಲ್ಲಿದ್ದದ್ದು .275 ರಿಗ್ಬಿ. ಪೂರ್ಣಚಂದ್ರ ತೇಜಸ್ವಿಯವರ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ ಓದಿದ ಕನ್ನಡಿಗರಿಗೆ ಈ ರಾತ್ರಿ ಹೊಸದಲ್ಲ. ಆದರೆ ಆ ರೈಫಲ್‌ಗೆ ಅದರದ್ದೇ ಒಂದು ಕಥೆಯಿದೆ.

ಕಾರ್ಬೆಟ್ ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲ್‌ನಲ್ಲಿ. ತಂದೆ ಅಲ್ಲಿನ ಪೋಸ್ಟ್ ಮಾಸ್ಟರ್. ಮಗನಿಗೆ ಆರು ತುಂಬುವ ಮೊದಲೇ ಅವರು ತೀರಿಕೊಂಡರು. ದೊಡ್ಡ ಸಂಸಾರ, ಕೈಯಲ್ಲಿ ಹಣ ಕಡಿಮೆ. ಚಳಿಗಾಲ ಬಂದರೆ ಮನೆಯವರೆಲ್ಲ ಕೆಳಗಿನ ಕಾಲಾಢೂಂಗಿಗೆ ಇಳಿಯುತ್ತಿದ್ದರು. ಮನೆ ದಾಟಿದರೆ ಕಾಡು.

ಹುಡುಗನ ಮೊದಲ ಕೋವಿ ನೋಡಿದರೆ ನಗು ಬರಬೇಕು. ಬಂಧುವೊಬ್ಬರು ಕೊಟ್ಟ, ಮುಂದಿನಿಂದ ಮದ್ದು ತುಂಬುವ ಜೋಡಿ ನಳಿಕೆಯ ಕೋವಿ ಅದು. ಬಲ ನಳಿಕೆ ಸೀಳಿಹೋಗಿತ್ತು. ಹಿಡಿಕೆ ಮತ್ತು ನಳಿಕೆ ಬೇರೆಯಾಗದಂತೆ ಹಿತ್ತಾಳೆ ತಂತಿ ಸುತ್ತಲಾಗಿತ್ತು. ಆದರೇನು, ಎಡ ನಳಿಕೆ ಚೆನ್ನಾಗಿತ್ತಲ್ಲ! ಮುಂದೆ ಶಾಲೆಯ ಕೆಡೆಟ್ ದಳದಿಂದ ಎರವಲು ಸಿಕ್ಕ .450 ಮಾರ್ಟಿನಿಯಿಂದ ಮೊದಲ ಚಿರತೆ ಹೊಡೆದಾಗ ಇನ್ನೂ ಬಾಲಕ.

ಹದಿಹರೆಯದಲ್ಲೇ ರೈಲ್ವೆ ಕೆಲಸ. ಬಿಹಾರದ ಮೊಕಾಮೆ ಘಾಟ್‌ನಲ್ಲಿ ಸರಕು ಸಾಗಣೆಯ ಗುತ್ತಿಗೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದರು. ನರಭಕ್ಷಕಗಳ ಬೇಟೆಯೆಲ್ಲ ಬಿಡುವು ಮಾಡಿಕೊಂಡು ಹೋದದ್ದು. 1907ರಲ್ಲಿ ಚಂಪಾವತ್‌ನ ಹೆಣ್ಣುಹುಲಿಯ ಬೆನ್ನು ಹತ್ತುವ ಮೊದಲು ಅವರು ಎರಡು ಷರತ್ತು ಹಾಕಿದರು: ಬಹುಮಾನದ ಘೋಷಣೆ ರದ್ದಾಗಬೇಕು, ಉಳಿದ ಬೇಟೆಗಾರರು ವಾಪಸಾಗಬೇಕು. ನೇಪಾಳ ಮತ್ತು ಕುಮಾವೂನ್‌ನಲ್ಲಿ ಆ ಹುಲಿಗೆ ಬಲಿಯಾದವರು 436 ಜನ ಎಂಬುದು ಅಂದಿನ ಲೆಕ್ಕ.

ಕೊನೆಯ ಘಳಿಗೆಯಲ್ಲಿ ಕಾರ್ಬೆಟ್ ಬಳಿ ತೋಟಾ ಮುಗಿದುಹೋಯಿತು. ಓಡಿಹೋಗಿ ತಹಶೀಲ್ದಾರರ ಕೋವಿ ಕಿತ್ತುಕೊಂಡು ಬಂದರು. ನಳಿಕೆಗೂ ಹಿಂಭಾಗಕ್ಕೂ ನಡುವೆ ಬೆರಳು ತೂರಿಸುವಷ್ಟು ಸಂದು ಬಿಟ್ಟಿದ್ದ ಕೋವಿ! ಬಾಯಿಗೆ ಗುರಿಯಿಟ್ಟರೆ ಗುಂಡು ಪಂಜಕ್ಕೆ ಬಿತ್ತು. ಮೊದಲೇ ಪೆಟ್ಟು ತಿಂದಿದ್ದ ಹುಲಿ ಹೇಗೋ ಸತ್ತಿತು.

ನೈನಿತಾಲ್ ದರ್ಬಾರಿನಲ್ಲಿ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೀವೆಟ್ ಆ ತಹಶೀಲ್ದಾರರಿಗೆ ಒಂದು ಕೋವಿ ಕೊಟ್ಟರಂತೆ. ಅಗತ್ಯವೂ ಇತ್ತು ಬಿಡಿ. ಹೀವೆಟ್ ಕಾರ್ಬೆಟ್‌ಗೆ ಕೊಟ್ಟದ್ದೇ ರಿಗ್ಬಿ. ಲಂಡನ್ನಿನ ಜಾನ್ ರಿಗ್ಬಿ ಕಂಪನಿ 1905ರಲ್ಲಿ ಮಾಡಿದ ರೈಫಲ್, ಕಲ್ಕತ್ತೆಯ ಮ್ಯಾಂಟನ್ ಅಂಗಡಿಯ ಮೂಲಕ ಬಂದಿತ್ತು. ಯಾಕೆ ಕೊಟ್ಟದ್ದು ಎಂಬುದನ್ನು ಕೆತ್ತಿದ ಪುಟ್ಟ ಫಲಕ ಅದರ ಹಿಡಿಕೆಯಲ್ಲಿದೆ.

ಇದರ ಗುಂಡಿಗೆ ಜರ್ಮನ್ನರ ಹೆಸರು 7×57 ಮೌಸರ್. ಏಳು ಮಿಲಿಮೀಟರನ್ನು ಇಂಚಿಗೆ ತಂದರೆ ಸುಮಾರು .275. ಬ್ರಿಟಿಷರು ಹಾಗೆ ಕರೆದರು, ಅಷ್ಟೇ. ಹುಲಿಗೆ ಇದು ಸಣ್ಣ ಗುಂಡೇ. ಭಾರದ ಕೆಲಸಕ್ಕೆಂದು ಕಾರ್ಬೆಟ್ ಬಳಿ .450/400 ಜೋಡಿ ನಳಿಕೆಯ ರೈಫಲ್ ಕೂಡ ಇತ್ತು. ಆದರೆ ದಿನವಿಡೀ ಬೆಟ್ಟ ಹತ್ತಿಳಿಯುವವನಿಗೆ ಹಗುರ ರೈಫಲ್ಲೇ ಒಗ್ಗುವುದು. ಹೆಗಲಿಗೆ ಒದೆತ ಕಡಿಮೆ, ಗುರಿ ನಿಖರ.

ಗುರಿ ನಿಖರವಿದ್ದರೆ ಮಾತ್ರ ಸಾಲದು ಎಂಬುದು ಚೌಗಢದಲ್ಲಿ ಗೊತ್ತಾಯಿತು. 1929ರಲ್ಲಿ ಅಲ್ಲಿನ ನರಭಕ್ಷಕಿ ಮತ್ತು ಅದರ ಬೆಳೆದ ಮರಿ ಒಟ್ಟಿಗೇ ಕಂಡವು. ವಯಸ್ಸಾದಂತೆ ಹುಲಿಯ ಬಣ್ಣ ಮಾಸುತ್ತದೆಂಬ ಲೆಕ್ಕದಲ್ಲಿ ಕಾರ್ಬೆಟ್ ತಿಳಿಬಣ್ಣದ್ದಕ್ಕೆ ಹೊಡೆದರು. ಸತ್ತದ್ದು ಮರಿ. ತಾಯಿ ಇನ್ನೊಂದು ವರ್ಷ ಬದುಕಿ ಮತ್ತೆ 15 ಜನರನ್ನು ಕೊಂದಿತು. ಕಾರ್ಬೆಟ್ ಇದನ್ನು ಮುಚ್ಚಿಡಲಿಲ್ಲ, ಪುಸ್ತಕದಲ್ಲೇ ಬರೆದುಕೊಂಡರು. ಅವರ ಗೆಲುವುಗಳಿಗಿಂತ ಈ ಪುಟವೇ ಅವರ ಮೇಲೆ ನಂಬಿಕೆ ಹುಟ್ಟಿಸುತ್ತದೆ.

1930ರ ಏಪ್ರಿಲ್ 11ರಂದು ಎಡಗೈಯಲ್ಲಿ ಎರಡು ಹಕ್ಕಿ ಮೊಟ್ಟೆ, ಬಲಗೈಯಲ್ಲಿ ರೈಫಲ್ ಹಿಡಿದು ಬಂಡೆಯೊಂದನ್ನು ಬಳಸಿ ಇಳಿದರೆ, ಎಂಟು ಅಡಿ ದೂರದಲ್ಲೇ ಆ ಹುಲಿ. ಒಂದೇ ಕೈಯಲ್ಲಿ ರೈಫಲನ್ನು ನಿಧಾನವಾಗಿ ತಿರುಗಿಸಿ ಗುಂಡು ಹಾರಿಸಿದರು. ಮೊಟ್ಟೆ ಒಡೆಯಲಿಲ್ಲ. ಆಮೇಲೆ ಅವನ್ನು ಗೂಡಿಗೇ ಮರಳಿಸಿದರು.

ಅಷ್ಟರಲ್ಲಿ ಅವರಿಗೆ ಕೋವಿಗಿಂತ ಸಿನಿಮಾ ಕ್ಯಾಮೆರಾದ ಹುಚ್ಚು ಹೆಚ್ಚಾಗಿತ್ತು. 1936ರಲ್ಲಿ ಹೇಲಿ ರಾಷ್ಟ್ರೀಯ ಉದ್ಯಾನ ಹುಟ್ಟಲು ಅವರ ಒತ್ತಾಸೆಯೂ ಕಾರಣ. ಕಾರ್ಬೆಟ್ ತೀರಿಕೊಂಡ ಮೇಲೆ ಅದಕ್ಕೆ ಅವರದೇ ಹೆಸರು ಬಂತು. 1944ರಲ್ಲಿ ‘ಮ್ಯಾನ್‌ಈಟರ್ಸ್ ಆಫ್ ಕುಮಾವೂನ್’ ಹೊರಬಂದದ್ದು ಮುಂಬೈಯಿಂದ, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಮೂಲಕ.

1947ರಲ್ಲಿ ಅಕ್ಕ ಮ್ಯಾಗಿಯೊಂದಿಗೆ ಕೀನ್ಯಾಕ್ಕೆ ಹೊರಟರು. ನ್ಯೇರಿಯಲ್ಲಿ 1955ರ ಏಪ್ರಿಲ್ 19ರಂದು ನಿಧನರಾದರು. ರಿಗ್ಬಿ ಅವರ ಪ್ರಕಾಶಕರ ಪಾಲಾಯಿತು.

ಯುದ್ಧಕ್ಕೆ ಮೊದಲಿನ ಆ ಮೂಲ ಮೌಸರ್ ರೈಫಲ್‌ಗಳ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಬೇಕೆಂದವರು ಹಳೆಯದನ್ನೇ ಹುಡುಕಿ ಕೊಳ್ಳಬೇಕು. ರಿಗ್ಬಿ ಕಂಪನಿಯೂ ಅದನ್ನೇ ಮಾಡಿತು. ತಾನೇ ಮಾರಿದ್ದ ರೈಫಲನ್ನು 2015ರಲ್ಲಿ ಆಕ್ಸ್‌ಫರ್ಡ್ ಪ್ರೆಸ್‌ನಿಂದ ವಾಪಸ್ ಪಡೆಯಿತು. ಮರುವರ್ಷ ಅದನ್ನು ಭಾರತಕ್ಕೆ ತಂದು, ಕಾಲಾಢೂಂಗಿ ಬಳಿ ಕಾರ್ಬೆಟ್ ಕಟ್ಟಿದ ಛೋಟಿ ಹಲ್ದ್ವಾನಿ ಹಳ್ಳಿಯ ಜನರಿಗೂ ತೋರಿಸಲಾಯಿತು.

ರೈಫಲ್ ಮತ್ತೆ ಲಂಡನ್ನಿಗೆ ಹೋಯಿತು. ಹಳ್ಳಿಯಲ್ಲಿ ಉಳಿದಿರುವುದು ಇನ್ನೊಂದು ಕೋವಿ: ಬೆಳೆ ಕಾಯಲೆಂದು ಕಾರ್ಬೆಟ್ ಅಲ್ಲಿನ ಶೇರ್ ಸಿಂಗ್‌ಗೆ ಕೊಟ್ಟು ಹೋದದ್ದು.